ಗಿರಣಿಯ ಅಂಗಳದಲ್ಲಿ ಓದಿದ ಕಾದಂಬರಿ

ಕಲಿತದ್ದು ಏಳನೆಯ ತರಗತಿಯವರೆಗಾದರೂ ಆ ಕಲಿಕೆಯನ್ನು ತನ್ನೊಬ್ಬಳ ಸ್ವತ್ತೆಂದು ಬಗೆಯದವಳು. ಗ್ರಂಥವನ್ನು ಕಣ್ಣಿಗೊತ್ತಿಕೊಂಡಲ್ಲದೆ ತೆರೆಯದವಳು. ನಂಬಿ ಹೇಳಿದವರ ಗುಟ್ಟನ್ನು ಒಡಲಲ್ಲಿಯೇ ಕಾಯ್ದವಳು. ಮಾತು ಬಲ್ಲವಳಾಗಿಯೂ ಮತ್ತೊಬ್ಬರ ಮಾತಿಗೆ ಎಡೆಗೊಟ್ಟು ಸುಮ್ಮನಿರಬಲ್ಲವಳು. ಶಿವನನ್ನು ಹಗಲೆಲ್ಲ ನೆನೆದೂ ಆ ನೆನಹನ್ನು ಯಾರ ಮೇಲೆಯೂ ಹೇರದವಳು. ಇಂಥವಳು ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷಗಳಿಂದ ಅಕ್ಕಿ ಹಸನು ಮಾಡುತ್ತಿರುವ ಮಹಾಂತಮ್ಮ.

ಹುಟ್ಟಿದ್ದು ರಾಯಚೂರಿನ ಬಳಿಯ ಚಂದ್ರಬಂಡದಲ್ಲಿ. ಪತಿ ಪಂಪಾಪತಿ ಗಿರಣಿಯ ಅಕ್ಕಿಯನ್ನು ರಾಯಚೂರಿಗೆ ಸಾಗಿಸುವ ಲಾರಿಯ ಚಾಲಕ. ಗಿರಣಿಯ ಯಜಮಾನರಾದ ಮಲ್ಲಯ್ಯನವರು ನಿಷ್ಠಾವಂತ ಶಿವಭಕ್ತರು. ಶ್ರಾವಣಮಾಸದಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಕೆಲಸದ ಹೆಂಗಸರಿಗೆ ಪುರಾಣ ಓದಿಸುವುದು ಅವರ ತಂದೆಯವರು ಹಾಕಿಕೊಟ್ಟ ವಾಡಿಕೆ, ಓದುವವಳು ಮಹಾಂತಮ್ಮ. ಕಳೆದ ಶ್ರಾವಣದಲ್ಲಿ ಪುರಾಣವು ಹತ್ತು ದಿನ ಮೊದಲೇ ಮುಗಿಯಿತು. ಉಳಿದ ದಿನಗಳಿಗೆಂದು ಪಂಪಾಪತಿಯು ರಾಯಚೂರಿನ ಗ್ರಂಥಾಲಯದಿಂದ ಒಂದು ಕಾದಂಬರಿಯನ್ನು ತಂದನು.

"ದಪ್ಪಂದು ಕೊಡ್ರಿ ಅಂದೆ, ಇದನ್ನ ಕೊಟ್ರು. ಮ್ಯಾಲೆ ಗುಡಿ ಚಿತ್ರ ಅದ. ದೇವ್ರದೇ ಇರ್ಬೇಕು" ಎಂಬುದಷ್ಟೇ ಅವನ ವಿಮರ್ಶೆ.

ನೆರೆ ಸುತ್ತುವರಿದ ನಡುಗಡ್ಡೆಯ ಗುಡಿಯಲ್ಲಿ ಒಬ್ಬ ಮುದಿ ಅಂಬಿಗನೂ, ಅವನು ನೀರಿನಿಂದ ಎತ್ತಿಕೊಂಡ ಯಾರದೋ ಕೂಸೂ ಒಂಬತ್ತು ದಿನ ಸಿಕ್ಕಿಕೊಂಡ ಕಥೆಯದು. ಚಳಿಗೆ ಮರಗಟ್ಟುತ್ತಿದ್ದ ಕೂಸನ್ನು ಉಳಿಸಲು ಅಂಬಿಗನು ಆರನೆಯ ದಿನ ದೇವರ ಪಲ್ಲಕ್ಕಿಯನ್ನು ಒಡೆದು ಬೆಂಕಿಗಿಡುತ್ತಾನೆ.

ಆ ಪುಟವನ್ನು ಮನೆಯಲ್ಲಿ ಮುಂದಾಗಿ ಓದಿಕೊಂಡ ಮಹಾಂತಮ್ಮನು ಓದನ್ನು ಅಲ್ಲಿಗೇ ನಿಲ್ಲಿಸಿದಳು. ಕೇಳುಗರಲ್ಲಿ ಅಮರಮ್ಮನಿದ್ದಳು. ದೇವದುರ್ಗದ ಕಡೆಯ ಹೊಳೆದಂಡೆಯ ಈ ಹೆಂಗಸು ಹದಿನಾರು ವರ್ಷಗಳ ಹಿಂದಿನ ನೆರೆಯಲ್ಲಿ ಮೊಲೆಗೂಸಿನೊಂದಿಗೆ ಮೂರು ದಿನ ದೇವಿಯ ಗುಡಿಯೊಂದರಲ್ಲಿ ಸಿಕ್ಕಿಕೊಂಡಿದ್ದಳು. ದೇವಿಯ ಮೈಮೇಲಿನ ಸೀರೆಯನ್ನು ಬಿಚ್ಚಿ ಕೂಸಿಗೆ ಸುತ್ತಿ, ದೇವಿಗೆ ಉಡಿ ತುಂಬಿದ್ದ ಅಕ್ಕಿಯನ್ನು ಅಗಿದು ಜೀವ ಹಿಡಿದಿದ್ದಳು. ಅಂದಿನಿಂದ ಯಾವ ದೇವಿಯ ಹೊಸ್ತಿಲನ್ನೂ ದಾಟಿದವಳಲ್ಲ. ಗಿರಣಿಯ ಹೆಂಗಸರೊಡನೆ ನೀರಮಾನ್ವಿಯ ಯಲ್ಲಮ್ಮನಿಗೆ ಹೋದರೂ ಮೆಟ್ಟಿಲ ಬಳಿಯೇ ನಿಲ್ಲುವಳು. "ತಾಯಿನ್ನ ಬತ್ತಲೆ ಮಾಡಿದಾಕಿ ನಾ. ಯಾವ ಮಾರಿ ಹೊತ್ತು ಒಳಗ ಹೋಗ್ಲಿ ಅಕ್ಕಾ?" ಎಂದು ಮಹಾಂತಮ್ಮನೊಬ್ಬಳ ಮುಂದೆ ಒಮ್ಮೆ ಅತ್ತಿದ್ದಳು.

ಮಹಾಂತಮ್ಮನು ಕೊನೆಯ ಪುಟವನ್ನು ತೆರೆದು ನೋಡಿದಳು. ಕಾದಂಬರಿಕಾರನು ತೀರ್ಪು ಕೊಟ್ಟಿರಲಿಲ್ಲ. ನೀರಿಳಿದ ಮೇಲೆ ಅಂಬಿಗನು ಗುಡಿಯ ಹೊರಗೆ ಕುಳಿತಿರುತ್ತಾನೆ; ಕಥೆ ಅಲ್ಲಿಗೇ ನಿಲ್ಲುತ್ತದೆ. ದೇವರು ಪ್ರತ್ಯಕ್ಷನಾಗಿ ಅಂಬಿಗನನ್ನು ಕ್ಷಮಿಸುವ ನಾಲ್ಕು ಸಾಲುಗಳನ್ನು ಸೇರಿಸಿ ಓದಿದರೆ ಅರಿಯುವವರಾರು? ಪುರಾಣದ ಧಾಟಿಯಂತೂ ಅವಳ ನಾಲಗೆಯ ಮೇಲೆಯೇ ಇತ್ತು. ಹೆಸರೆತ್ತದೆ ಪತಿಯನ್ನು ಕೇಳಿದಳು:

"ಒಬ್ಬಾಕಿ ಸಮಾಧಾನಕ್ಕ ಅಂತ ಪುಸ್ತಕದಾಗ ಇಲ್ಲದ್ದನ್ನ ಓದಿದ್ರ ನಡೀತದೇನು?"

"ಲಾರಿಗೆ ಡೂಪ್ಲಿಕೇಟ್ ಸಾಮಾನು ಹಾಕಿದಂಗ. ಊರು ದಾಟೂತನಕ ಓಡತದ, ಆಮ್ಯಾಲೆ ನಡುದಾರ್ಯಾಗ ನಿಂದರ್ತದ."

ಮರುದಿನ ಇದ್ದುದನ್ನು ಇದ್ದಂತೆಯೇ ಓದಿದಳು. ಅಂಬಿಗನು ಮಾಡಿದ್ದು ಸರಿಯೆಂಬವರು, ತಪ್ಪೆಂಬವರು ಎಂದು ಅಂಗಳವು ಎರಡಾಯಿತು. ಮಲ್ಲಯ್ಯನವರು ಪುಸ್ತಕವನ್ನು ಮುಚ್ಚೆಂದರು. "ಪೂರಾ ಕೇಳಿ ಬೈರಿ ಸಾವ್ಕಾರ್ರ" ಎಂದು ಬೇಡಿ ಅವಳು ನಾಲ್ಕು ದಿನಗಳ ಅವಕಾಶ ಪಡೆದಳು. ಆ ನಾಲ್ಕು ದಿನವೂ ಅಮರಮ್ಮನು ಊಟದ ಡಬ್ಬಿಯನ್ನು ತೆರೆಯಲಿಲ್ಲ. ಓದಿಗೆ ಮಾತ್ರ ತಪ್ಪದೆ ಬಂದು ಕುಳಿತಳು.

ಕಥೆ ಮುಗಿದ ದಿನ ಮಲ್ಲಯ್ಯನವರೇ ಮೊದಲು ನುಡಿದರು: "ದೇವ್ರ ಪಲ್ಲಕ್ಕಿ ಸುಟ್ಟಾಂವ ಭಕ್ತ ಹ್ಯಾಂಗ ಆಗ್ತಾನ? ನಂಬಿಕಿ ಇದ್ದಿದ್ರ ದೇವ್ರೇ ಕಾಯ್ತಿದ್ದ."

ಜೊತೆಗೆ ಅಕ್ಕಿ ಹಸನು ಮಾಡುವ ಹಾಜಿರಾ ಬೀ ಎಲೆಯಡಿಕೆ ಮಡಚುತ್ತಾ ಅಂದಳು: "ಪಲ್ಲಕ್ಕಿ ಮಾಡಿದ್ದು ಹೊರಾಕ. ಒಂದು ಕೂಸಿನ ಭಾರ ಹೊತ್ತದ, ಅಷ್ಟೇ."

"ನೀ ಸುಮ್ಕಿರು ಹಾಜಿರಾ ಬೀ. ಇದು ನಮ್ಮ ದೇವ್ರ ಮಾತು."

"ಆತ್ರಿ ಸಾವ್ಕಾರ್ರ. ಕೂಸು ಯಾರ ಪೈಕಿ ಅಂತ ಪುಸ್ತಕದಾಗ ಬರ್ದಿಲ್ಲ ನೋಡ್ರಿ."

ನಗೆಯೆದ್ದಿತು. ಮಲ್ಲಯ್ಯನವರೂ ಮೀಸೆಯಡಿಯಲ್ಲಿ ನಕ್ಕರು. ಅಮರಮ್ಮನು ಮಾತ್ರ ನಗಲಿಲ್ಲ. "ಅಕ್ಕಾ, ಓದಿದಾಕಿ ನೀನು. ನೀ ಏನಂತಿ?"

"ನಾ ಅಂದ್ರ ಅದು ನನ್ನ ಮಾತಾತು, ಅಮರವ್ವ. ನಿನಗ ಏನನಸ್ತದ, ಅದನ್ನ ಹೇಳು."

ಅಮರಮ್ಮನು ಸೆರಗನ್ನು ಬೆರಳಿಗೆ ಸುತ್ತುತ್ತಾ, ಹದಿನಾರು ವರ್ಷ ಹೊತ್ತು ತಿರುಗಿದ್ದನ್ನು ಎಲ್ಲರ ಮುಂದೆ ಇಳಿಸಿದಳು. ಸೀರೆ, ಉಡಿಯಕ್ಕಿ, ಒಂದನ್ನೂ ಬಿಡಲಿಲ್ಲ.

ಮಲ್ಲಯ್ಯನವರು ಕೇಳಿದರು: "ಕೂಸು ಉಳೀತೇನವ್ವಾ?"

"ಉಳೀತ್ರಿ. ರಾಧಾ ಅಂತ ಹೆಸರು. ರಾಯಚೂರಾಗ ಕಾಲೇಜ್ ಓದಾಕತ್ತ್ಯಾಳ."

"ಹಂಗಾದ್ರ ತಾಯಿ ತನ್ನ ಕೈಯಾರ ಕೊಟ್ಟಾಳಂತ ತಿಳಿ. ಉಡಿ ತುಂಬೂದು ಹೆಣ್ಮಕ್ಕಳ ಮಡಲು ತುಂಬ್ಲಿ ಅಂತಲ್ಲೇನು? ಮಂಗಳವಾರ ಹೋಗಿ ಹೊಸಾ ಸೀರಿ ಉಡಿಸಿ ಬಾ."

"ಮತ್ತ ಅಂಬಿಗಂದು, ಸಾವ್ಕಾರ್ರ?" ಎಂದಳು ಹಾಜಿರಾ ಬೀ.

"ಅಂವಂದು ತಪ್ಪೇ. ಈಕಿ ಮಾತು ಬ್ಯಾರೆ."

"ಎಲ್ಲಿ ಬ್ಯಾರೆ, ತಿಳಿಸಿ ಹೇಳ್ರಿ."

ಅವರು ನೀರು ಕೇಳಿ ಕುಡಿದು ಎದ್ದುಹೋದರು.

ಗಿರಣಿಯಲ್ಲಿ ಇಂದಿಗೂ ಎರಡು ಪಂಗಡಗಳಿವೆ. ಅಂಬಿಗನ ಹೆಸರೆತ್ತಿದರೆ ಮಲ್ಲಯ್ಯನವರು ಈಗಲೂ ತಲೆಯಾಡಿಸಿ ಒಲ್ಲೆನೆನ್ನುತ್ತಾರೆ. ಆದರೆ ಆ ಮಂಗಳವಾರ ಅಮರಮ್ಮನು ಹಸಿರು ಸೀರೆಯನ್ನು ಹಿಡಿದು ನೀರಮಾನ್ವಿಯ ಗುಡಿಯೊಳಕ್ಕೆ ನಡೆದಳು, ಮಹಾಂತಮ್ಮ ಜೊತೆಗಿದ್ದಳು. ಹೊರಬಂದು ಅಮರಮ್ಮನಾಡಿದ ಮಾತು ಇಷ್ಟೇ: "ಮಾರಿ ನೋಡಿದೆ ಅಕ್ಕಾ. ತಾಯಿಗೆ ಸಿಟ್ಟಿದ್ದಂಗ ಕಾಣ್ಲಿಲ್ಲ."

ಇಲ್ಲದ ಕ್ಷಮೆಯನ್ನು ಕಟ್ಟಿಕೊಡದೆ, ಇರುವ ಕ್ಷಮೆಯತ್ತ ಒಬ್ಬಳನ್ನು ನಡೆಯಗೊಟ್ಟ ಈ ತಾಯಿಗೆ ಕೃತಜ್ಞತೆಯಿಂದ ಕೈಮುಗಿಯುತ್ತೇವೆ. ಮಹಾಂತಮ್ಮನ ಕಣ್ಣು ಮುಪ್ಪಿನಲ್ಲಿಯೂ ಮಂಜಾಗದಿರಲಿ, ಕಂಠ ಕುಗ್ಗದಿರಲಿ. ಪಂಪಾಪತಿ ಹೋದ ದಾರಿಗಳೆಲ್ಲ ಅವನನ್ನು ಸುಖವಾಗಿ ಮನೆಗೆ ಮರಳಿಸಲಿ. ಆ ಮನೆಯ ಒಲೆ ಆರದಿರಲಿ, ಅಂಗಳಕ್ಕೆ ಬಂದವರು ಹಸಿದು ಹೋಗದಿರಲಿ. ಮಕ್ಕಳು ಮೊಮ್ಮಕ್ಕಳೊಂದಿಗೆ ಆ ಮನೆತನವನ್ನು ಶಿವನು ತಣ್ಣಗಿಟ್ಟಿರಲಿ.