ಅಮ್ಮನ ಸುತ್ತ ಕವಳೆ ಬೇಲಿ

ನಾನು ಚಿಕ್ಕವನಿದ್ದಾಗ ಮುಳ್ಳು ಕಂಡರೆ ನನಗೆ ಆಗುತ್ತಿರಲಿಲ್ಲ. ಸುಂಕದಕಟ್ಟೆ ಆಗಿನ್ನೂ ಹಳ್ಳಿ, ನಾವು ರಾಗಿ ಬೆಳೆಯುವವರು. ನನಗೆ ಏಳು ವರ್ಷವಿದ್ದಾಗ ಅಮ್ಮ ಜ್ವರ ಬಂದು ತೀರಿಕೊಂಡಳು. ಹೋದವರನ್ನು ಸ್ವಂತ ಜಮೀನಿನಲ್ಲೇ ಮಣ್ಣು ಮಾಡುವುದು ನಮ್ಮಲ್ಲಿ ವಾಡಿಕೆ. ಹಿತ್ತಿಲ ತೋಟದ ಮೂಲೆಯಲ್ಲಿ, ಹೊಂಗೆಮರದ ದಟ್ಟ ನೆರಳಲ್ಲಿ ಅಮ್ಮನನ್ನು ಮಲಗಿಸಿದರು. ನಾಯಿ ನರಿ ಕೆದಕದಿರಲೆಂದು ಅಪ್ಪ ಮಣ್ಣಿನ ಮೇಲೆ ಜಾಲಿಮುಳ್ಳು ಹಾಕಿದರು.

ನನಗದು ಸಹಿಸಲಾಗಲಿಲ್ಲ. ನನ್ನ ಕಾಲಿಗೆ ಹೊಕ್ಕ ಮುಳ್ಳನ್ನು ಸೂಜಿಯಿಂದ ತೆಗೆದು, ಉಫ್ ಉಫ್ ಎಂದು ಊದುತ್ತಿದ್ದವಳು ಅಮ್ಮ. ಅವಳ ಮೇಲೇ ಮುಳ್ಳೇ? ಮಾರನೆಯ ಸಂಜೆ ಯಾರಿಗೂ ಹೇಳದೆ ಒಂದೊಂದೇ ಕೊಂಬೆ ಎಳೆದು ಬಿಸಾಡಿದೆ. ಅಂಗೈಯೆಲ್ಲ ರಕ್ತವಾಯಿತು. ದೊಡ್ಡ ಕೆಲಸ ಮಾಡಿದೆನೆಂಬ ಜಂಬದಲ್ಲೇ ಹೋಗಿ ಮಲಗಿಕೊಂಡೆ.

ಬೆಳಿಗ್ಗೆ ಅಕ್ಕನ ಕೂಗು ಕೇಳಿ ಓಡಿದೆ. ನಾಯಿಗಳು ಒಂದು ಬದಿಯ ಹಸಿಮಣ್ಣನ್ನು ಕೆದರಿದ್ದವು. ಪುಣ್ಯಕ್ಕೆ ಮೇಲಿನ ಮಣ್ಣಷ್ಟೇ. ಅಪ್ಪ ಅದನ್ನು ಬರಿಗೈಯಲ್ಲೇ ಬಾಚಿ ಮುಚ್ಚುತ್ತಿದ್ದರು.

"ಮುಳ್ಳು ಯಾರ್ ತೆಗೆದಿದ್ದು?" ಎಂದರು.

ನಾನು ಅಂಗೈ ಚಾಚಿದೆ. "ಅಮ್ಮಂಗೆ ಚುಚ್ತಿತ್ತಪ್ಪಾ."

ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ. ಅಮ್ಮ ಹೋದ ದಿನವೂ ಅಳದಿದ್ದ ಅಪ್ಪ ನನ್ನ ಕೈ ಹಿಡಿದುಕೊಂಡು ಅತ್ತರು.

ಅವತ್ತೇ ಗೋಮಾಳದಿಂದ ಕವಳೆ ಸಸಿಗಳನ್ನು ಬೇರು ಸಮೇತ ಅಗೆದು ತಂದೆವು.

"ನೆರಳಲ್ಲಿ ಇದು ಹಣ್ಣು ಬಿಡಲ್ಲಪ್ಪ," ಎಂದಳು ಅಕ್ಕ.

"ಹಣ್ಣು ಯಾರಿಗ್ ಬೇಕಮ್ಮಾ? ವರ್ಷವೆಲ್ಲ ಎಲೆ ಇರತ್ತೆ, ಮುಳ್ಳಿರತ್ತೆ. ಅಷ್ಟ್ ಸಾಕು."

ಅಮ್ಮನ ಮೇಲಲ್ಲ, ಸುತ್ತಲೂ ನೆಟ್ಟೆವು. ಮುರಿದ ಕೊಂಬೆಯ ಹಾಲು ಅಂಟಿ ನನ್ನ ಗಾಯಗಳು ಉರಿದವು. ದಿನವೂ ಬಿಂದಿಗೆಯಲ್ಲಿ ನೀರು ಹೊತ್ತೆ. ನೆರಳಲ್ಲವೇ, ಗೇಣುದ್ದ ಏರಲು ವರ್ಷ ಹಿಡಿಯಿತು. ಬೇಲಿ ದಟ್ಟವಾಗುವವರೆಗೆ ಜಾಲಿಮುಳ್ಳು ಬೇಕೇ ಬೇಕಿತ್ತು. ಈ ಸಲ ಅದನ್ನು ನಾನೇ ಹಾಕಿದೆ.

ಮಕ್ಕಳೇ, ಆ ಹೊಲಗಳೆಲ್ಲ ಈಗ ಬೀದಿಗಳಾಗಿವೆ. ಸುತ್ತ ನಾಲ್ಕಂತಸ್ತಿನ ಮನೆಗಳೆದ್ದು ನಮ್ಮ ಹಿತ್ತಿಲಿಗೆ ಇದ್ದಬದ್ದ ಬಿಸಿಲೂ ಇಲ್ಲವಾಗಿದೆ. ಕವಳೆ ಮಾತ್ರ ಹಸಿರಾಗಿಯೇ ಇದೆ. ನೀವು ಮುಳ್ಳು ತುಳಿದವರಲ್ಲ. ಗೇಟಿಗೆ ಕ್ಯಾಮೆರಾ ಇದೆ, ಯಾರು ಬಂದರೂ ಫೋನಿನಲ್ಲೇ ನೋಡಿಬಿಡುತ್ತೀರಿ, ನಿಮಗೆ ಮುಳ್ಳುಬೇಲಿ ಯಾಕೆ ಬೇಕು? ಮೊನ್ನೆ ಚೆಂಡು ತೂತಾದಾಗ, "ತಾತ, ಆ ಮುಳ್ಳಿನ ಗಿಡ ಕಡಿಸ್ಬಿಡಿ, ಆಡೋಕೆ ಜಾಗ ಆಗತ್ತೆ" ಎಂದಿರಿ. ನಾನು ರೇಗಿದೆ, ನೀವು ಮುಖ ಸಪ್ಪೆ ಮಾಡಿಕೊಂಡು ಹೋದಿರಿ.

ತಪ್ಪು ನನ್ನದೇ. ಅಲ್ಲಿ ನನ್ನ ಅಮ್ಮ ಮಲಗಿದ್ದಾಳೆಂದು ನಿಮಗೆ ನಾನು ಹೇಳಿರಲೇ ಇಲ್ಲ.