ಮೊದಲ ನೂರು ಕಿಲೋಮೀಟರ್

ಟೈರ್ ಅಂಗಡಿಯ ಆತನಿಗೆ ಊರಿಟ್ಟ ಹೆಸರು ‘ನೂರು ಕಿಲೋಮೀಟರ್’. ಹೊಸ ಟೈರ್ ಹಾಕಿಸಿಕೊಂಡವರು ಯಾರೇ ಆಗಲಿ, ಗಾಡಿಗೆ ಅಡ್ಡ ನಿಂತುಬಿಡುತ್ತಿದ್ದ. “ಮೊದಲ ನೂರು ಕಿಲೋಮೀಟರ್ ನಿಧಾನ. ತಿರುವಿನಲ್ಲಿ ವಾಲಿಸಬೇಡಿ. ಏನಂದೆ, ಹೇಳಿ ನೋಡೋಣ?” ಎಂದು ಅವರ ಬಾಯಿಂದಲೇ ಹೇಳಿಸಿದ ಮೇಲೆಯೇ ಕೀ ಕೊಡುತ್ತಿದ್ದುದು. ಮೀಸೆ ಹೊತ್ತ ಗಂಡಸರೂ ಮಗ್ಗಿ ಒಪ್ಪಿಸುವವರ ಹಾಗೆ ಒಪ್ಪಿಸಿ ಹೋಗುತ್ತಿದ್ದರು. ಒಮ್ಮೆ ಮಗಳು ಹೊಸ ಚಪ್ಪಲಿ ಮೆಟ್ಟಿ ಹೊರಟಾಗಲೂ ಅದೇ ಮಾತು ಬಾಯಿಗೆ ಬಂದು, ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆತ ನಕ್ಕಿರಲಿಲ್ಲ.

ಕೆಲಸದಲ್ಲಿ ಎತ್ತಿದ ಕೈ. ದೊಡ್ಡ ಬೈಕಿನ ಮುಂದಿನ ಚಕ್ರಕ್ಕೆ ಯಾವ ಟೈರ್ ಹಾಕಬೇಕೆಂದರೆ ಊರಿನ ಮೆಕಾನಿಕ್‌ಗಳೆಲ್ಲ ಆತನತ್ತಲೇ ಬೆರಳು ತೋರಿಸುತ್ತಿದ್ದರು. “ಹಿಂದಿನ ಟೈರು ಜಾರೋ ಮುಂಚೆ ಅಲ್ಲಾಡಿ ಸೂಚನೆ ಕೊಡುತ್ತೆ. ಮುಂದಿನದಕ್ಕೆ ಆ ಮರ್ಯಾದೆ ಇಲ್ಲ” ಎನ್ನುತ್ತಿದ್ದ. ಅಷ್ಟು ಬಲ್ಲವನು ನಾಲ್ಕು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಒಂದೇ ಒಂದು ಮಾತು ಹೇಳುವುದನ್ನು ಮರೆತಿದ್ದ.

ಬಂದಿದ್ದವನು ಶಾಲೆಯೊಂದರ ಡ್ರಾಯಿಂಗ್ ಮೇಷ್ಟ್ರು, ಇಪ್ಪತ್ತೆಂಟರ ಪ್ರಾಯ. ಗಾಡಿ ಆನೆಯಂಥದ್ದು. ಮೂರು ಟೈರುಗಳನ್ನು ನೆಲಕ್ಕೆ ಮಲಗಿಸಿ, ಮುಟ್ಟಿ, ಗೀಚಿ, ಇಬ್ಬರೂ ಅರ್ಧ ಗಂಟೆ ಚರ್ಚೆ ಮಾಡಿ ಒಂದನ್ನು ಆರಿಸಿದ್ದರು. ಹೊಸ ಟೈರಿನ ಮೈಮೇಲೆ ಕಾರ್ಖಾನೆಯ ನುಣುಪು ಇರುತ್ತದೆ. ರಸ್ತೆ ಅದನ್ನು ಉಜ್ಜಿ ತೆಗೆಯುವ ತನಕ ಗಾಡಿ ವಾಲಿಸಿದರೆ ಜಾರುತ್ತದೆ. ಅದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಟ್ಯೂಬು ಕಳಿಸುವ ಏಜೆಂಟ್ ತಪ್ಪು ಅಳತೆಯವನ್ನು ಕಳಿಸಿ ಮೇಲಿಂದ ವಾದಿಸುತ್ತಿದ್ದ. ಆತನೂ ಗಂಟಲು ಏರಿಸಿದ. ಮೇಷ್ಟ್ರು ಹೆಲ್ಮೆಟ್ ಹಾಕಿಕೊಂಡು ‘ಬರ್ತೀನಿ’ ಎಂಬಂತೆ ಕೈ ಎತ್ತಿದ. ಆತ ಏಜೆಂಟನನ್ನು ಬೈಯುತ್ತಲೇ ಕೈ ಬೀಸಿದ.

ಹತ್ತು ನಿಮಿಷ. ನೀರಿನ ಟ್ಯಾಂಕಿನ ತಿರುವಿನಲ್ಲಿ ಯಾವುದೋ ಬೈಕು ಬಿದ್ದಿದೆ ಎಂದು ಜನ ಓಡಿದರು. ಆತನೂ ಓಡಿದ. ಮೇಷ್ಟ್ರ ಮೇಲೆ ಯಾರದೋ ಶಾಲು ಹೊದಿಸಿ ಆಗಿತ್ತು. ಮುಂದಿನ ಟೈರು ಮಾತ್ರ ಫಳಫಳ ಹೊಳೆಯುತ್ತಿತ್ತು. “ಏನು ಸ್ಪೀಡು ಈ ಹುಡುಗರದ್ದು!” ಎಂದರು ಯಾರೋ. ಎಲ್ಲರೂ ಹೌದೌದು ಎಂದರು. ಮರುದಿನ ಪೇಪರಿನಲ್ಲೂ ‘ಅತಿವೇಗ’ ಎಂದೇ ಬಂತು. ಆತ ತುಟಿ ಬಿಚ್ಚಲಿಲ್ಲ.

ಅಂದಿನಿಂದ ಆತ ಆ ತಿರುವು ತುಳಿಯಲಿಲ್ಲ, ಮನೆಗೆ ಸುತ್ತು ಹಾಕಿ ಹೋಗುತ್ತಿದ್ದ. ಕೀ ಹಿಡಿದಿಟ್ಟುಕೊಂಡು ಗಿರಾಕಿಗಳ ಬಾಯಿಂದಲೇ ಮಾತು ಹೇಳಿಸುವುದೂ ಅಂದಿನಿಂದಲೇ ಶುರುವಾಗಿತ್ತು. ಕಂಪ್ರೆಸರ್ ಸದ್ದು ನಿಂತೊಡನೆ ಅಂಗಡಿಯ ಬಾಗಿಲಲ್ಲಿ ಯಾರೋ ಹೆಲ್ಮೆಟ್ ಹಾಕಿಕೊಂಡು ನಿಂತಂತಾಗುವುದು. ಏನೋ ಕೇಳಲು ನಿಂತಂತೆ. ಆತ ಬೇಗ ಬೇಗ “ನೂರು ಕಿಲೋಮೀಟರ್ ನಿಧಾನ” ಎನ್ನುವನು. ನೋಡಿದರೆ ಬಾಗಿಲಲ್ಲಿ ಬಿಸಿಲು ಬಿಟ್ಟರೆ ಏನೂ ಇಲ್ಲ. ಪಕ್ಕದ ವೆಲ್ಡಿಂಗಿನವನು, ಇವನಿಗೆ ಒಂದು ಸುತ್ತು ಸಡಿಲ ಎಂದು ತೀರ್ಮಾನಿಸಿದ್ದ.

ಮೊನ್ನೆ ಬಾಗಿಲಲ್ಲಿ ನಿಜವಾಗಿಯೂ ಒಂದು ಹೆಲ್ಮೆಟ್ ನಿಂತಿತು. ಹೆಲ್ಮೆಟ್ ತೆಗೆದವಳು ಮೂವತ್ತೈದರ ಹೆಂಗಸು. ಹಿಂದೆ ಅದೇ ಆನೆಯಂಥ ಗಾಡಿ, ರಿಪೇರಿಯಾಗಿ, ಬಣ್ಣ ಬಳಿಸಿಕೊಂಡು ನಿಂತಿತ್ತು. ಮುಂದಿನ ಟೈರಿನ ಅಂಚಿನಲ್ಲಿ ಹೊಸ ರಬ್ಬರಿನ ಸಣ್ಣ ಕೂದಲುಗಳು ಇನ್ನೂ ಎದ್ದು ನಿಂತಿದ್ದವು. ಅದು ತನ್ನ ಕೈಯಿಂದಲೇ ಹಾಕಿದ್ದೆಂದು ಆತನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಟೈರು ಸವೆದಿಲ್ಲ, ಆದರೆ ನಾಲ್ಕು ವರ್ಷ ನಿಂತಲ್ಲೇ ನಿಂತಿತ್ತು. ಬದಲಾಯಿಸಬೇಕಾ ಅಣ್ಣ? ಮೆಕಾನಿಕ್ ನಿಮ್ಮನ್ನೇ ಕೇಳಿ ಅಂದ್ರು.”

“ಬದಲಾಯಿಸಿ ಮೇಡಂ. ರಬ್ಬರ್ ಗಟ್ಟಿಯಾಗಿರುತ್ತೆ.”

ಆತ ಟೈರುಗಳನ್ನು ಇಳಿಸಿದ. ಇದು ಮೆದು, ಹಿಡಿತ ಜಾಸ್ತಿ, ಬೇಗ ಸವೆಯುತ್ತೆ. ಇದು ಬಾಳಿಕೆ ಬರುತ್ತೆ, ಆದರೆ ಮಳೆಯಲ್ಲಿ ನಂಬೋ ಹಾಗಿಲ್ಲ. ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು.

“ಯಾವುದಾದ್ರೂ ಸರಿ,” ಎಂದಳು ಆಕೆ. “ನಾನು ನಮ್ಮ ತಮ್ಮನ ಹಾಗೆ ಜೋರಾಗಿ ಹೋಗೋಳಲ್ಲ. ಅವನು ಸ್ಪೀಡಿಗೇ ಪ್ರಾಣ ಕಳ್ಕೊಂಡ.”

“ಅವರು ಜೋರಾಗಿ ಹೋಗಿರಲಿಲ್ಲ.”

ಮಾತು ಹೊರಗೆ ಬಿದ್ದಾಗಿತ್ತು. ಆಕೆ ಟೈರಿನ ಮೇಲಿಂದ ಕೈ ತೆಗೆದಳು.

“ನಿಮಗೆ ಹೇಗೆ ಗೊತ್ತು?”

ಆತ ಹೇಳಿದ. ಫೋನು, ಏಜೆಂಟ್, ಬೀಸಿದ ಕೈ, ಹೇಳದೆ ಉಳಿದ ಮಾತು, ಒಂದನ್ನೂ ಬಿಡಲಿಲ್ಲ. ಬೈಯಲಿ, ಕಪಾಳಕ್ಕೆ ಬಾರಿಸಲಿ, ಪೊಲೀಸರನ್ನು ಕರೆಯಲಿ ಎಂದು ಕಾದ. ಆಕೆ ಹೆಲ್ಮೆಟನ್ನು ಗಾಡಿಯ ಹಿಡಿಗೆ ನೇತುಹಾಕಿದಳು.

“ಶಟರ್ ಎಳೀರಿ,” ಎಂದಳು. “ಇದನ್ನ ನಮ್ಮಮ್ಮನ ಮುಂದೆ ಹೇಳಬೇಕು ನೀವು.”

ನಡೆದೇ ಹೋದರು. ನೀರಿನ ಟ್ಯಾಂಕಿನ ತಿರುವು ಬಂದಾಗ ಆತ ನಿಂತುಬಿಟ್ಟ. ಆಕೆ ತಿರುಗಿ ನೋಡಲಿಲ್ಲ. ತಿರುವು ದಾಟಿ ಇನ್ನೂರು ಹೆಜ್ಜೆ ಇಟ್ಟರೆ ಮನೆ. ಅಷ್ಟು ಹತ್ತಿರ ಎಂದು ಆತನಿಗೆ ತಿಳಿದಿರಲಿಲ್ಲ.

ತಾಯಿ ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದರು. ಆತ ನಿಂತೇ ಹೇಳಿದ, ಎರಡನೇ ಸಲ ಹೇಳುವುದು ಇನ್ನೂ ಕಷ್ಟವಾಯಿತು. ಅವರು ದಿಂಬಿನ ಚೀಲವೊಂದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

“ಹಾಗಾದ್ರೆ ನನ್ನ ಮಗ ಜೋರಾಗಿ ಬರ್ತಿರಲಿಲ್ವಾ?”

“ಇಲ್ಲಮ್ಮ. ಆ ಟೈರಿನಲ್ಲಿ ನಿಧಾನಕ್ಕೆ ಬಂದು ವಾಲಿಸಿದ್ರೂ ಜಾರುತ್ತಿತ್ತು. ತಪ್ಪು ನಂದು.”

“ಊಟ ಆರಿ ಹೋಗ್ತಿದೆ, ಬೇಗ ಬಾ ಅಂತ ಫೋನ್ ಮಾಡಿದ್ದೆ ನಾನು,” ಎಂದರು ತಾಯಿ. “ನಾನು ಅವಸರ ಮಾಡಿದ್ದಕ್ಕೇ ಅವನು ಜೋರಾಗಿ ಬಂದ ಅಂದ್ಕೊಂಡಿದ್ದೆ. ದಿನಾ ಅಂದ್ಕೊಂಡೆ.”

ಮಗಳು ಬೆಚ್ಚಿ ತಾಯಿಯ ಮುಖ ನೋಡಿದಳು. ಆ ಫೋನಿನ ವಿಷಯ ಅವಳಿಗೂ ಗೊತ್ತಿರಲಿಲ್ಲ. ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆತನಿಗೆ ಎದೆ ಹಗುರಾಯಿತು. ಪಾಪ, ಒಂದೇ ಒಂದು ಗಳಿಗೆ. ತಡವಾದರೂ ಒಳ್ಳೆಯದೇ ಆಯಿತು ಎಂದುಕೊಂಡ.

“ನಿಮ್ಮ ಅಂಗಡಿ ಎಲ್ಲಿದೆಯಪ್ಪಾ?” ಎಂದು ಕೇಳಿದರು ತಾಯಿ.

“ಇಲ್ಲೇ ಅಮ್ಮ. ನಡೆದ್ರೆ ಕಾಲು ಗಂಟೆ.”

“ಕಾಲು ಗಂಟೆ,” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದರು. “ಅವತ್ತು ಫೋನ್ ಬಂತು, ಹೇಳಲಿಲ್ಲ. ಆಮೇಲೆ ನಾಲ್ಕು ವರ್ಷ ಯಾರ ಫೋನ್ ಬಂದಿತ್ತಪ್ಪಾ?”