ಟ್ಯಾಂಕರ್ ಅಣ್ಣನ ಹಾಜರಿ

ಬೇಸಿಗೆ ಬಂತೆಂದರೆ ನಮ್ಮ ಮಾರೇನಹಳ್ಳಿಯ ಮನೆಗೆ ವಾರಕ್ಕೊಮ್ಮೆ ಟ್ಯಾಂಕರ್ ನೀರು ತರಿಸಲೇಬೇಕಿತ್ತು. ಅದರ ಡ್ರೈವರನನ್ನು ನಾವೆಲ್ಲ ಟ್ಯಾಂಕರ್ ಅಣ್ಣ ಎನ್ನುತ್ತಿದ್ದೆವು. ಅಂಗಳದ ನೆಲದಡಿಯ ಸಂಪಿನ ಮುಚ್ಚಳ ತೆಗೆದು ಪೈಪು ಇಳಿಸಿದನೆಂದರೆ, ಅದು ತುಂಬುವವರೆಗೆ ಅಂಚಿನಲ್ಲೇ ಕಾಲಗಲಿಸಿ ನಿಂತಿರುತ್ತಿದ್ದ. ಸೊಂಟದ ಮೊಬೈಲ್ ಹೊಡೆದುಕೊಂಡರೂ ಕದಲುತ್ತಿರಲಿಲ್ಲ. ಕೊನೆಗೆ ಟ್ಯಾಂಕರಿನ ವಾಲ್ವ್ ಮುಚ್ಚಲು ಮಾತ್ರ ಗೇಟಿನಾಚೆ ಹೋಗಲೇಬೇಕು. ಓಡಿ ಬಂದವನೇ, "ಅಕ್ಕಾ, ಮಕ್ಕಳನ್ನ ಒಂದ್ಸಲ ಕೂಗಿ" ಎನ್ನುತ್ತಿದ್ದ. ನನ್ನ ಇಬ್ಬರು ಹೆಣ್ಣುಮಕ್ಕಳೂ ಓಗೊಟ್ಟ ಮೇಲೆಯೇ ಮುಚ್ಚಳ ಹಾಕುವುದು. ಇವನ ಹಾಜರಿಗಿಂತ ಸ್ಕೂಲಿನದೇ ವಾಸಿ ಎಂದು ನಾನು ಗೊಣಗುತ್ತಿದ್ದೆ.

ಒಂದು ಏಪ್ರಿಲ್ ಮಧ್ಯಾಹ್ನ ಕೂಗಿದಾಗ ದೊಡ್ಡವಳು ಬಂದಳು, ಚಿಕ್ಕವಳ ಸದ್ದಿಲ್ಲ. ಮತ್ತೆ ಕೂಗಿದೆ. ಮೂರನೆಯ ಸಲ ಕೂಗುವಷ್ಟರಲ್ಲಿ ಅವನು ಸಂಪಿಗೆ ಇಳಿದಿದ್ದ. ಕತ್ತಿನ ಮಟ್ಟದ ನೀರಿನಲ್ಲಿ ಮುಳುಗಿ ಮುಳುಗಿ ಮೂಲೆಮೂಲೆಯನ್ನೂ ತಡಕಾಡಿದ.

ಆಗ ಚಿಕ್ಕವಳು ಒಳಗಿನಿಂದ ನಗುತ್ತ ಬಂದಳು. ಕಣ್ಣಾಮುಚ್ಚಾಲೆಯಂತೆ, ಮಂಚದ ಕೆಳಗೆ ಅಡಗಿದ್ದಳಂತೆ. ನಾನು ಕೈಯೆತ್ತಿದೆ.

"ಹೊಡೀಬೇಡಿ ಅಕ್ಕಾ. ಹೊಡೆದ್ರೆ ಇನ್ಮೇಲೆ ಕೂಗಿದ್ರೂ ಬರಲ್ಲ," ಎನ್ನುತ್ತ ಅವನು ಮೇಲೆ ಹತ್ತಿದ. ಮುಚ್ಚಳ ಹಾಕಿ, ಅದರ ಮೇಲೇ ಕುಸಿದು ಕುಳಿತ. ಕೊಟ್ಟ ಕಾಫಿಯನ್ನೂ ಅಲ್ಲೇ ಕುಳಿತು ಕುಡಿದ.

ಹೊರಡುವಾಗ ನನ್ನ ಮುಖ ನೋಡದೆ ಹೇಳಿದ: "ಇನ್ನೊಂದು ಲೋಡ್ ತರ್ತೀನಿ ಅಕ್ಕಾ. ಇದರಲ್ಲಿ ನಾನು ಇಳಿದ್ಬಿಟ್ಟೆ."

ಬೇಡ ಎಂದೆ. ಆ ವಾರವಿಡೀ ನಮ್ಮ ಮನೆಯಲ್ಲಿ ಅನ್ನ ಬೆಂದದ್ದು ಆ ನೀರಿನಲ್ಲೇ.